ಅಡ್ಮಿನ್ ಕೈಯಲ್ಲಿ ಎಲ್ಲರ ಗುಟ್ಟು

2024ರ ಆಗಸ್ಟ್ 20ರಂದು ದೆಹಲಿ ಹೈಕೋರ್ಟ್, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಷನ್‌ಗೆ ಒಂದು ಆದೇಶ ಹೊರಡಿಸಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಎನ್‌ಐ ಸುದ್ದಿಸಂಸ್ಥೆಯ ಪುಟವನ್ನು ತಿದ್ದಿದ ಮೂವರು ಯಾರು, ಅವರ ಬಗ್ಗೆ ನಿಮ್ಮಲ್ಲಿರುವ ವಿವರಗಳೇನು ಎಂಬುದನ್ನು ಎರಡು ವಾರಗಳೊಳಗೆ ಕೊಡಿ ಎಂದು ಸೂಚಿಸಿತ್ತು. ಎಎನ್‌ಐ ಕೇಂದ್ರ ಸರ್ಕಾರದ ಪರ ಪ್ರಚಾರ ಮಾಡುತ್ತಿದೆ ಎಂಬ ಟೀಕೆಗಳು ಕೇಳಿಬಂದಿವೆ ಎಂದು ಆ ಪುಟದಲ್ಲಿ ಬರೆದಿತ್ತು. ಇದರಿಂದ ಹೆಸರು ಕೆಟ್ಟಿದೆ ಎಂದು ಸಂಸ್ಥೆ 2 ಕೋಟಿ ರೂಪಾಯಿ ಪರಿಹಾರ ಕೇಳಿ ಮಾನನಷ್ಟ ಮೊಕದ್ದಮೆ ಹೂಡಿತ್ತು. ವಿವರ ಸಿಗದಿದ್ದಾಗ ಸೆಪ್ಟೆಂಬರ್ 5ರಂದು ನ್ಯಾಯಾಂಗ ನಿಂದನೆಯ ನೋಟಿಸ್ ಹೊರಟಿತು. ಭಾರತದಲ್ಲಿ ವಿಕಿಪೀಡಿಯವನ್ನೇ ಬಂದ್ ಮಾಡಿಸಲು ಸರ್ಕಾರಕ್ಕೆ ಹೇಳಬೇಕಾದೀತು ಎಂಬ ಮಾತೂ ನ್ಯಾಯಪೀಠದಿಂದ ಬಂತು.

ಆ ಮೂವರೂ ಸಂಬಳವಿಲ್ಲದ ಸ್ವಯಂಸೇವಕರು. ವಿಕಿಪೀಡಿಯದಲ್ಲಿ ಬರೆಯುವ ಹೆಚ್ಚಿನವರು ನಿಜ ಹೆಸರು ಹಾಕುವುದಿಲ್ಲ, ಹಾಕಬೇಕೆಂಬ ನಿಯಮವೂ ಇಲ್ಲ. ನವೆಂಬರ್‌ನಲ್ಲಿ ವಿಭಾಗೀಯ ಪೀಠದ ಮುಂದೆ ಒಂದು ನಡುದಾರಿ ಸಿಕ್ಕಿತು. ಸಮನ್ಸನ್ನು ಫೌಂಡೇಷನ್ ತಾನೇ ಆ ಮೂವರಿಗೆ ತಲುಪಿಸಬೇಕು, ಅವರ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗಷ್ಟೇ ಕೊಡಬೇಕು. ಹೀಗೆ ಮೊಕದ್ದಮೆ ಮುಂದುವರಿಯುವುದಕ್ಕೂ ದಾರಿಯಾಯಿತು, ಮೂವರ ಹೆಸರು ಬೀದಿಪಾಲಾಗುವುದೂ ತಪ್ಪಿತು. ಫೌಂಡೇಷನ್ ಕೋರ್ಟಿನಲ್ಲಿ ಅಷ್ಟು ಪಟ್ಟು ಹಿಡಿದದ್ದು ಸುಮ್ಮನೆ ಅಲ್ಲ. ಅದಕ್ಕೂ ಎರಡು ವರ್ಷಗಳ ಹಿಂದೆ, 2022ರ ಮಾರ್ಚ್‌ನಲ್ಲಿ, ಬೆಲಾರುಸ್‌ನಲ್ಲಿ ಮಾರ್ಕ್ ಬರ್ನ್‌ಸ್ಟೈನ್ ಎಂಬ ವಿಕಿಪೀಡಿಯ ಸಂಪಾದಕರ ವೈಯಕ್ತಿಕ ವಿವರಗಳನ್ನು ಟೆಲಿಗ್ರಾಂ ಚಾನೆಲ್ಲೊಂದು ಹರಿಯಬಿಟ್ಟಿತು. ಉಕ್ರೇನ್ ಮೇಲಿನ ದಾಳಿಯ ಬಗ್ಗೆ ಅವರು ಬರೆಯುತ್ತಿದ್ದುದು ಅಲ್ಲಿ ಅಪರಾಧವಾಗಿ ಕಂಡಿತ್ತು. ಬೆನ್ನಲ್ಲೇ ಮಿನ್ಸ್ಕ್‌ನಲ್ಲಿ ಅವರ ಬಂಧನವಾಯಿತು.

ಒಂದು ಆನ್‌ಲೈನ್ ಸಮುದಾಯವನ್ನು ನಡೆಸುವವರ ಎರಡು ಹೊಣೆಗಳು ಇಲ್ಲಿ ಎದುರುಬದುರಾಗುತ್ತವೆ. ನಿಯಮ ಮುರಿಯುವವರನ್ನು ತಡೆಯಬೇಕು. ತಡೆಯುವಾಗ ಕೈಗೆ ಸಿಕ್ಕ ಅವರ ಗುಟ್ಟನ್ನು ಕಾಯಬೇಕು. ಮೊದಲನೆಯದನ್ನು ಎಲ್ಲರೂ ಕೆಲಸವೆಂದು ಒಪ್ಪುತ್ತಾರೆ. ಎರಡನೆಯದನ್ನು ಸೌಜನ್ಯವೆಂದುಕೊಂಡು ಪಕ್ಕಕ್ಕಿಡುವವರೇ ಜಾಸ್ತಿ. ಆದರೆ ಅದು ಮೊದಲನೆಯದರಷ್ಟೇ ಗಟ್ಟಿಯಾದ ಕರ್ತವ್ಯ. ಕಾಲು ಶತಮಾನದಿಂದ ಜಗಳಗಳ ನಡುವೆಯೇ ಬೆಳೆದಿರುವ ವಿಕಿಪೀಡಿಯ ಈ ಎರಡನ್ನೂ ಹೇಗೆ ನಿಭಾಯಿಸುತ್ತದೆ ಎಂದು ನೋಡಿದರೆ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನ ಅಡ್ಮಿನ್‌ಗೂ ಕಲಿಯುವುದು ಸಾಕಷ್ಟಿದೆ.

ವಿಕಿಪೀಡಿಯದಲ್ಲಿ ಒಬ್ಬರು ಪುಟ ಹಾಳು ಮಾಡಿದರೆ ಮೊದಲು ಅವರ ಚರ್ಚಾಪುಟದಲ್ಲಿ ಎಚ್ಚರಿಕೆ ಬೀಳುತ್ತದೆ. ಮೊದಲ ಎಚ್ಚರಿಕೆ ಮೆದುವಾಗಿರುತ್ತದೆ, ಗೊತ್ತಿಲ್ಲದೆ ಆಗಿರಬಹುದು ಎಂಬ ಧಾಟಿಯಲ್ಲಿ. ಮತ್ತೆ ಮತ್ತೆ ಅದೇ ನಡೆದರೆ ಮಾತು ಬಿಗಿಯಾಗುತ್ತಾ ಹೋಗಿ, ಕೊನೆಗೆ ನಿರ್ವಾಹಕರು ಖಾತೆಯನ್ನು ಬ್ಲಾಕ್ ಮಾಡುತ್ತಾರೆ. ಯಾರು ಯಾರನ್ನು, ಎಷ್ಟು ದಿನ, ಯಾವ ಕಾರಣಕ್ಕೆ ಬ್ಲಾಕ್ ಮಾಡಿದರು ಎಂಬುದು ಯಾರು ಬೇಕಾದರೂ ಓದಬಹುದಾದ ದಾಖಲೆಯಲ್ಲಿ ಉಳಿಯುತ್ತದೆ. ಬ್ಲಾಕ್ ಆದವರು ತಮ್ಮ ಚರ್ಚಾಪುಟದಲ್ಲೇ ಮೇಲ್ಮನವಿ ಬರೆಯಬಹುದು. ಅದನ್ನು ಪರಿಶೀಲಿಸುವುದು ಬ್ಲಾಕ್ ಮಾಡಿದವರಲ್ಲ, ಇನ್ನೊಬ್ಬ ನಿರ್ವಾಹಕರು. ತಾನೇ ಭಾಗಿಯಾಗಿರುವ ಜಗಳದಲ್ಲಿ ನಿರ್ವಾಹಕರು ಆ ಅಧಿಕಾರ ಬಳಸುವಂತಿಲ್ಲ. ಬ್ಲಾಕ್ ಇರುವುದು ಶಿಕ್ಷಿಸುವುದಕ್ಕಲ್ಲ, ಮುಂದಾಗುವ ಹಾನಿ ತಡೆಯುವುದಕ್ಕೆ ಎಂದು ನೀತಿಯಲ್ಲೇ ಬರೆದಿದೆ.

ಇಲ್ಲಿ ಬಯಲಾಗುವುದು ಕೃತ್ಯ ಮಾತ್ರ. ಮಾಡಿದವರು ಯಾವ ಊರಿನವರು, ಯಾವ ಕಚೇರಿಯವರು, ಗಂಡೋ ಹೆಣ್ಣೋ ಎಂಬುದು ನಿರ್ವಾಹಕರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಕೆಲವೊಮ್ಮೆ ಗೊತ್ತಾಗಲೇಬೇಕಾಗುತ್ತದೆ. ಒಬ್ಬರೇ ನಾಲ್ಕು ಹೆಸರಿನಲ್ಲಿ ಖಾತೆ ತೆರೆದು ತಮ್ಮ ಮಾತಿಗೆ ತಾವೇ ಹೌದಪ್ಪ ಎನ್ನುತ್ತಿದ್ದಾರೆ ಎಂಬ ಅನುಮಾನ ಬಂತೆನ್ನಿ. ಅದಕ್ಕೆ ಚೆಕ್‌ಯೂಸರ್ ಎಂಬ ಸಾಧನವಿದೆ. ಅದನ್ನು ತೆರೆದರೆ ಆ ಖಾತೆಗಳು ಯಾವ ಐಪಿ ವಿಳಾಸದಿಂದ, ಯಾವ ಬ್ರೌಸರ್‌ನಿಂದ, ಎಷ್ಟು ಹೊತ್ತಿಗೆ ಬಂದಿವೆ ಎಂದು ಕಾಣುತ್ತದೆ. ಈ ಮಾಹಿತಿ 90 ದಿನ ಮಾತ್ರ ಉಳಿದು ಆಮೇಲೆ ಅಳಿಸಿಹೋಗುತ್ತದೆ. ಸಾಧನ ಎಲ್ಲ ನಿರ್ವಾಹಕರಿಗೂ ಸಿಗುವುದಿಲ್ಲ. 18 ತುಂಬಿದ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ, ಸಮುದಾಯ ಒಪ್ಪಿದ ಕೆಲವೇ ಮಂದಿಗೆ ಸಿಗುತ್ತದೆ. ಒಂದು ವಿಕಿಯಲ್ಲಿ, ಅಂದರೆ ಒಂದು ಭಾಷೆಯ ವಿಕಿಪೀಡಿಯದಲ್ಲಿ, ಒಬ್ಬರೇ ಚೆಕ್‌ಯೂಸರ್ ಇರುವಂತಿಲ್ಲ. ಕನಿಷ್ಠ ಇಬ್ಬರಿರಬೇಕು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವಂತಿರಬೇಕು. ಅಷ್ಟು ಜನ ಇಲ್ಲದ ಸಣ್ಣ ವಿಕಿಗಳಿಗೆ ಎಲ್ಲ ವಿಕಿಗಳನ್ನೂ ನೋಡಿಕೊಳ್ಳುವ ಸ್ಟೀವರ್ಡ್‌ಗಳು ಈ ಕೆಲಸ ಮಾಡಿಕೊಡುತ್ತಾರೆ.

ಚೆಕ್‌ಯೂಸರ್ ಒಂದು ಖಾತೆಯನ್ನು ತಪಾಸಣೆ ಮಾಡುವಾಗ ಕಾರಣ ಬರೆಯಬೇಕು. ಯಾರು, ಯಾವ ಹೊತ್ತಿಗೆ, ಯಾರನ್ನು ನೋಡಿದರು ಎಂಬುದು ದಾಖಲಾಗುತ್ತದೆ. ಸುಮ್ಮನೆ ಕುತೂಹಲಕ್ಕೆ ಬಲೆ ಬೀಸುವಂತಿಲ್ಲ. ನಿನ್ನ ಐಪಿ ನೋಡುತ್ತೇನೆ ಎಂದು ಯಾರನ್ನೂ ಹೆದರಿಸುವಂತಿಲ್ಲ. ತಪಾಸಣೆ ಮುಗಿದ ಮೇಲೆ ಸಾರ್ವಜನಿಕವಾಗಿ ಹೇಳುವುದು ಒಂದೆರಡು ಪದ: ಖಚಿತ, ಇರಬಹುದು, ಸಂಬಂಧವಿಲ್ಲ. ಈ ಖಾತೆ ಈ ಐಪಿಯದು ಎಂದು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ, ಯಾರಾದರೂ ನೇರವಾಗಿ ಕೇಳಿದರೂ ಆ ಬಗ್ಗೆ ಮಾತಿಲ್ಲ ಎಂದಷ್ಟೇ ಉತ್ತರ. ಅಧಿಕಾರ ದುರುಪಯೋಗವಾಯಿತೆಂದು ಅನ್ನಿಸಿದವರು ದೂರು ಕೊಡಲು ಪ್ರತ್ಯೇಕ ಓಂಬುಡ್ಸ್ ಆಯೋಗವೇ ಇದೆ. ನೋಡುವವರನ್ನೂ ಯಾರೋ ನೋಡುತ್ತಿರಬೇಕು ಎಂಬ ಈ ಏರ್ಪಾಡು ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ವಿಕಿಪೀಡಿಯವೂ ಈ ವಿಷಯದಲ್ಲಿ ಬಹುಕಾಲ ಒಂದು ದೊಡ್ಡ ಲೋಪ ಇಟ್ಟುಕೊಂಡೇ ಬಂತು. ಖಾತೆಯಿಲ್ಲದೆ ತಿದ್ದಿದವರ ಐಪಿ ವಿಳಾಸ ಪುಟದ ಇತಿಹಾಸದಲ್ಲಿ ಎಲ್ಲರಿಗೂ ಕಾಣುವಂತೆ ಶಾಶ್ವತವಾಗಿ ಉಳಿಯುತ್ತಿತ್ತು. ಖಾತೆ ತೆರೆದವರಿಗೆ ಮರೆ, ತೆರೆಯದವರಿಗೆ ಬಯಲು. 2024ರ ಕೊನೆಯಿಂದ ಇದು ಒಂದೊಂದೇ ವಿಕಿಯಲ್ಲಿ ಬದಲಾಗತೊಡಗಿತು. ಈಗ ಅಂಥವರಿಗೆ ತಾತ್ಕಾಲಿಕ ಖಾತೆಯ ಹೆಸರೊಂದು ತಾನಾಗಿ ಸಿಗುತ್ತದೆ, ಐಪಿ ನೋಡಲು ವಿಶೇಷ ಅನುಮತಿ ಬೇಕು. ಹಾಳುಗೆಡವುವವರನ್ನು ಹಿಡಿಯುವುದು ಇದರಿಂದ ಕಷ್ಟವಾಗುತ್ತದೆ ಎಂದು ಅನೇಕ ಸಂಪಾದಕರು ತಕರಾರು ತೆಗೆದರು. ಅವರ ಚಿಂತೆಯಲ್ಲಿ ಹುರುಳಿದೆ. ಆದರೂ ಬದಲಾವಣೆ ಸರಿಯಾದದ್ದೇ.

ಗೋಪ್ಯತೆ ಕಾಯುವ ಹಟ ಇನ್ನೊಂದು ಬದಿಗೂ ಎಡವಬಹುದು. 2019ರ ಜೂನ್‌ನಲ್ಲಿ ಫೌಂಡೇಷನ್ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ಹಿರಿಯ ನಿರ್ವಾಹಕರನ್ನು ಒಂದು ವರ್ಷ ಹೊರಹಾಕಿತು. ಕಿರುಕುಳದ ದೂರು ಬಂದಿತ್ತು. ದೂರು ಕೊಟ್ಟವರ ಗುರುತು ಸಿಕ್ಕೀತೆಂದು ದೂರು ಯಾವುದು, ಸಾಕ್ಷ್ಯ ಏನು ಎಂಬುದನ್ನು ಸಮುದಾಯಕ್ಕೂ ಹೇಳಲಿಲ್ಲ, ಶಿಕ್ಷೆಯಾದವರಿಗೂ ಪೂರ್ತಿ ಹೇಳಲಿಲ್ಲ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ನಿರ್ವಾಹಕರು ಪ್ರತಿಭಟಿಸಿ ತಮ್ಮ ಅಧಿಕಾರ ಬಿಟ್ಟುಕೊಟ್ಟರು. ಕೊನೆಗೆ ಫೌಂಡೇಷನ್ ಪ್ರಕರಣವನ್ನು ಸಂಪಾದಕರೇ ಆರಿಸಿದ ಮಧ್ಯಸ್ಥಿಕೆ ಸಮಿತಿಗೆ ಒಪ್ಪಿಸಿತು. ಸಮಿತಿಗೂ ಸಿಕ್ಕಿದ್ದು ಹೆಸರು ಮರೆಸಿದ ಕಡತವೇ. ಸೆಪ್ಟೆಂಬರ್‌ನಲ್ಲಿ ಅದು ನಿಷೇಧವನ್ನು ತೆರವು ಮಾಡಿತು, ಆದರೆ ನಿರ್ವಾಹಕ ಸ್ಥಾನ ಬೇಕಿದ್ದರೆ ಸಮುದಾಯದ ಒಪ್ಪಿಗೆ ಮತ್ತೆ ಪಡೆಯಿರಿ ಎಂದಿತು.

ಈ ಪ್ರಕರಣದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿತ್ತು. ಕಿರುಕುಳ ಅನುಭವಿಸಿದವರ ಹೆಸರು ಹೊರಬಿದ್ದರೆ ಮುಂದೆ ಯಾರೂ ದೂರು ಕೊಡಲಾರರು. ಏನು ತಪ್ಪು ಮಾಡಿದೆ ಎಂದೇ ತಿಳಿಯದೆ ಶಿಕ್ಷೆ ಅನುಭವಿಸುವುದೂ ನ್ಯಾಯವಲ್ಲ. ದೂರುದಾರರ ಹೆಸರು ಮುಚ್ಚಿಡಿ, ಆದರೆ ಮುರಿದ ನಿಯಮ ಯಾವುದು, ಕೊಟ್ಟ ಶಿಕ್ಷೆ ಎಷ್ಟು ಎಂಬುದನ್ನು ಹೇಳಿ. ಮುಚ್ಚಿಟ್ಟ ಸಾಕ್ಷ್ಯವನ್ನು ತೀರ್ಪು ಕೊಟ್ಟವರಲ್ಲದೆ ಬೇರೆಯವರೂ ಒಮ್ಮೆ ನೋಡಲಿ. ಇದಕ್ಕಿಂತ ಉತ್ತಮ ದಾರಿ ಈವರೆಗೆ ಕಂಡಿಲ್ಲ.

ಗುಂಪೇ ಪತ್ತೇದಾರಿಕೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ 2013ರ ಬಾಸ್ಟನ್ ಸಾಕ್ಷಿ. ಏಪ್ರಿಲ್ 15ರಂದು ಮ್ಯಾರಥಾನ್ ಓಟದ ಅಂತಿಮ ಗೆರೆಯ ಬಳಿ ಬಾಂಬ್ ಸಿಡಿಯಿತು. ಬಾಂಬ್ ಇಟ್ಟವರನ್ನು ಹುಡುಕಲೆಂದೇ ರೆಡ್ಡಿಟ್‌ನಲ್ಲಿ ಒಂದು ಬಳಗ ಹುಟ್ಟಿಕೊಂಡಿತು. ವೈಯಕ್ತಿಕ ಮಾಹಿತಿ ಹಾಕಬಾರದು ಎಂಬ ನಿಯಮ ರೆಡ್ಡಿಟ್‌ನಲ್ಲಿ ಆಗಲೂ ಇತ್ತು. ಎಫ್‌ಬಿಐ ಇಬ್ಬರು ಶಂಕಿತರ ಚಿತ್ರ ಬಿಡುಗಡೆ ಮಾಡಿದ ರಾತ್ರಿ, ಅದಕ್ಕೂ ಒಂದು ತಿಂಗಳ ಹಿಂದೆ ಕಾಣೆಯಾಗಿದ್ದ ಭಾರತೀಯ ಮೂಲದ ಕಾಲೇಜು ವಿದ್ಯಾರ್ಥಿಯೊಬ್ಬನ ಹೆಸರು ಅಲ್ಲಿ ತೇಲಿಬಂತು. ಮುಖ ಹೋಲುತ್ತದೆ ಎಂದರು ಕೆಲವರು. ಟ್ವಿಟರ್‌ನಲ್ಲಿ ಪತ್ರಕರ್ತರೂ ಅದನ್ನು ಹಂಚಿದರು. ಮಗನನ್ನು ಹುಡುಕಿಕೊಡಿ ಎಂದು ಆ ಕುಟುಂಬ ತೆರೆದಿದ್ದ ಫೇಸ್‌ಬುಕ್ ಪುಟಕ್ಕೆ ಬೈಗುಳದ ಮಳೆ ಸುರಿಯಿತು, ಅವರು ಪುಟವನ್ನೇ ಮುಚ್ಚಬೇಕಾಯಿತು. ಆ ಹುಡುಗನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಏಪ್ರಿಲ್ 23ರಂದು ನದಿಯಲ್ಲಿ ಅವನ ಶವ ಸಿಕ್ಕಿತು. ರೆಡ್ಡಿಟ್ ಸಂಸ್ಥೆ ಕುಟುಂಬದ ಕ್ಷಮೆ ಕೇಳಿತು.

ನಿಯಮ ಬರೆದಿಟ್ಟರೆ ಸಾಲದು ಎಂಬುದು ಆ ರಾತ್ರಿ ಗೊತ್ತಾಯಿತು. ಒಂದು ಹೆಸರು ಹೊರಬಿದ್ದು ಲಕ್ಷಾಂತರ ಜನರ ಕೈ ಸೇರುವುದಕ್ಕೆ ಕೆಲವೇ ಗಂಟೆ ಸಾಕಾಗಿತ್ತು. ಅಷ್ಟರೊಳಗೆ ಅಳಿಸಲು ಎಚ್ಚರವಾಗಿರುವ ಒಂದು ಕೈ ಬೇಕು.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನಗೊಂಡವರು ಅವರ ವಿಡಿಯೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದರು. ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ವಿಡಿಯೊ ಅಲ್ಲಿನ ಗ್ರೂಪ್ ಮುಟ್ಟಿತ್ತು, ಜನ ದಾರಿ ಅಡ್ಡಗಟ್ಟಿ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು, ಜೊತೆಗಿದ್ದವರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದರು. ದೇಶದುದ್ದಕ್ಕೂ ಇಂಥವೇ ಕೊಲೆಗಳು ನಡೆದ ಮೇಲೆ, ಅದೇ ಜುಲೈಯಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಪ್ರಕಟಿಸಿತು.

ಹಾಗಾದರೆ ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೆ? ನ್ಯಾಯಾಲಯಗಳು ಬಹುಪಾಲು ಇಲ್ಲ ಎಂದಿವೆ. ಗ್ರೂಪ್ ತೆರೆದವರನ್ನು ಮಾನನಷ್ಟಕ್ಕೆ ಹೊಣೆ ಮಾಡುವುದೆಂದರೆ, ಪತ್ರಿಕೆಯಲ್ಲಿ ಬಂದ ಬರಹಕ್ಕೆ ಕಾಗದ ತಯಾರಿಸಿದವರನ್ನು ಹಿಡಿದಂತೆ ಎಂಬ ಅರ್ಥದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಅಡ್ಮಿನ್‌ಗೆ ಇರುವುದು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ, ಸಮಾನ ಉದ್ದೇಶ ಸಾಬೀತಾಗದೆ ಬೇರೆಯವರ ಸಂದೇಶಕ್ಕೆ ಅವರು ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ತೀರ್ಪಿತ್ತಿತು. ಅಡ್ಮಿನ್ ಮತ್ತು ಸದಸ್ಯರದು ಧಣಿ ಆಳಿನ ಸಂಬಂಧವಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿತು.

ಆ ತೀರ್ಪುಗಳ ಕಾಲಕ್ಕೆ ಇನ್ನೊಬ್ಬರ ಸಂದೇಶವನ್ನು ಅಳಿಸುವ ಶಕ್ತಿ ವಾಟ್ಸ್ಆ್ಯಪ್ ಅಡ್ಮಿನ್‌ಗೆ ಇರಲಿಲ್ಲ. 2022ರ ಕೊನೆಯ ಹೊತ್ತಿಗೆ ಆ ಶಕ್ತಿಯೂ ಬಂತು. ಗ್ರೂಪಿನ ಗಾತ್ರವೂ 1024ಕ್ಕೆ ಏರಿತು. ಕ್ರಿಮಿನಲ್ ಹೊಣೆ ಬೇಡ ಎಂಬ ತೀರ್ಪು ಇಂದಿಗೂ ನ್ಯಾಯವಾದದ್ದೇ. ಅಳಿಸಲು ಸಾಧ್ಯವಿದ್ದೂ ಸುಮ್ಮನೆ ಕೂತ ಅಡ್ಮಿನ್‌ಗೆ ನಾನೇನು ಮಾಡಲಿ ಎಂಬ ನೆಪ ಮಾತ್ರ ಈಗ ಉಳಿದಿಲ್ಲ.

ಅಡ್ಮಿನ್ ಬಳಿ ಸೇರುವ ಗುಟ್ಟುಗಳೂ ಹೆಚ್ಚಿವೆ. ಫೇಸ್‌ಬುಕ್ ಗ್ರೂಪ್‌ಗಳಲ್ಲಿ ಹೆಸರು ಮರೆಸಿ ಪೋಸ್ಟ್ ಹಾಕುವ ಅವಕಾಶವಿದೆ. ಬಾಣಂತನದ ಖಿನ್ನತೆ, ಮನೆಯೊಳಗಿನ ಹೊಡೆತ, ಸಾಲದ ಕಷ್ಟ ಇಂಥವನ್ನು ಜನ ಹೀಗೆ ಬರೆಯುತ್ತಾರೆ. ಉಳಿದ ಸದಸ್ಯರಿಗೆ ಕಾಣದ ಆ ಹೆಸರು ಅಡ್ಮಿನ್‌ಗೂ ಮಾಡರೇಟರ್‌ಗೂ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಇಂಥವರು ಗ್ರೂಪ್ ಬಿಟ್ಟರು ಎಂಬ ಸಾಲು ಎಲ್ಲರ ಕಣ್ಣಿಗೆ ಬೀಳುವುದು 2022ರಲ್ಲಿ ನಿಂತಿತು, ಈಗ ಆ ಸೂಚನೆ ಅಡ್ಮಿನ್‌ಗೆ ಮಾತ್ರ. ಯಾಕೆ ಬಿಟ್ಟರಂತೆ ಎಂದು ಮರುದಿನ ಗ್ರೂಪಿನಲ್ಲೇ ಚರ್ಚೆ ಎಬ್ಬಿಸುವ ಅಡ್ಮಿನ್ ಆ ಸಣ್ಣ ಮರ್ಯಾದೆಯನ್ನೂ ಕಿತ್ತುಕೊಳ್ಳುತ್ತಾರೆ.

ಎಲ್ಲ ಊರಲ್ಲೂ ನಡೆಯುವ ಒಂದು ಸನ್ನಿವೇಶವನ್ನೇ ತೆಗೆದುಕೊಳ್ಳಿ. ನಿವಾಸಿಗಳ ಗ್ರೂಪಿನಲ್ಲಿ ಪಾರ್ಕಿಂಗ್ ಜಗಳ. ಸಿಟ್ಟಿಗೆದ್ದ ಸದಸ್ಯರೊಬ್ಬರು ಎದುರುಮನೆಯ ಮಹಿಳೆಯ ಕಾರಿನ ನಂಬರ್, ಫೋನ್ ನಂಬರ್, ಅವರ ಖಾಸಗಿ ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲವನ್ನೂ ಹಾಕಿಬಿಡುತ್ತಾರೆ. ಸಾಮಾನ್ಯವಾಗಿ ಅಡ್ಮಿನ್ ಆಗ ಮಾಡುವುದೇನು? ದಯವಿಟ್ಟು ಇಂಥವರ ಫೋನ್ ನಂಬರ್ ಡಿಲೀಟ್ ಮಾಡಿ ಎಂದು ಹೆಸರು ಹಿಡಿದು ಗ್ರೂಪಿನಲ್ಲೇ ಬರೆಯುತ್ತಾರೆ. ಅದುವರೆಗೆ ಗಮನಿಸದಿದ್ದವರೂ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡುತ್ತಾರೆ. ವಿಕಿಪೀಡಿಯದಲ್ಲಿ ಫೋನ್ ನಂಬರ್, ಮನೆ ವಿಳಾಸ, ಮಕ್ಕಳು ತಾವೇ ಬರೆದುಕೊಂಡ ವಯಸ್ಸು ಮತ್ತು ಶಾಲೆಯ ವಿವರ ಕಂಡರೆ, ಸಾರ್ವಜನಿಕ ಚರ್ಚೆಯಲ್ಲಿ ಅದರ ಸುದ್ದಿ ಎತ್ತಬೇಡಿ, ಅದನ್ನು ಅಳಿಸುವ ಅಧಿಕಾರವಿರುವ ಓವರ್‌ಸೈಟರ್‌ಗಳಿಗೆ ಖಾಸಗಿಯಾಗಿ ಇ-ಮೇಲ್ ಮಾಡಿ ಎಂದು ಹೇಳಿರುವುದು ಇದೇ ಕಾರಣಕ್ಕೆ. ಅವರು ಅಳಿಸಿದ್ದು ಸಾಮಾನ್ಯ ನಿರ್ವಾಹಕರಿಗೂ ಕಾಣುವುದಿಲ್ಲ.

ಆದ್ದರಿಂದ ಮೊದಲು ಅಳಿಸಬೇಕು, ಮಾತು ಆಮೇಲೆ. ಬೆದರಿಕೆಯಿದ್ದರೆ ಅಳಿಸುವ ಮುನ್ನ ಒಂದು ಪ್ರತಿ ಇಟ್ಟುಕೊಳ್ಳಬೇಕು. ಅದು ನೊಂದವರಿಗೆ ಪೊಲೀಸರ ಬಳಿ ಬೇಕಾಗುತ್ತದೆ, ಬೇರೆ ಗ್ರೂಪಿಗೆ ತೋರಿಸುವುದಕ್ಕಲ್ಲ. ಹಾಕಿದವರಿಗೆ ಖಾಸಗಿಯಾಗಿ ಕಾರಣ ಹೇಳಬೇಕು. ಯಾರ ವಿವರ ಹೊರಬಿತ್ತೋ ಅವರಿಗೂ ಕೂಡಲೇ ತಿಳಿಸಬೇಕು, ಎಷ್ಟು ಹೊತ್ತು ಇತ್ತು ಎಂಬುದನ್ನೂ ಸೇರಿಸಿ, ಏಕೆಂದರೆ ಬರುವ ಕರೆಗಳನ್ನು ಎದುರಿಸಬೇಕಾದವರು ಅವರು. ಗ್ರೂಪಿಗೆ ಒಂದೇ ಸಾಲು ಸಾಕು: ಖಾಸಗಿ ಮಾಹಿತಿಯಿದ್ದ ಸಂದೇಶವೊಂದನ್ನು ನಿಯಮದ ಪ್ರಕಾರ ತೆಗೆಯಲಾಗಿದೆ. ಯಾರ ಮಾಹಿತಿ ಎಂಬುದು ಬೇಡ. ಜಗಳ ಅಡ್ಮಿನ್‌ನ ಸ್ವಂತ ಪಾರ್ಕಿಂಗ್ ಜಾಗದ್ದೇ ಆಗಿದ್ದರೆ ತೀರ್ಮಾನವನ್ನು ಇನ್ನೊಬ್ಬ ಅಡ್ಮಿನ್‌ಗೆ ಬಿಡಬೇಕು. ಇನ್ನೊಬ್ಬರು ಇಲ್ಲದಿದ್ದರೆ ಜಗಳ ಶುರುವಾಗುವ ಮೊದಲೇ ಒಬ್ಬರನ್ನು ನೇಮಿಸಿಕೊಳ್ಳಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಮೇಲಿರುವ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದವರು ಅವರು. ಆ ತೀರ್ಪಿನ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹಬಳಕೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನೆಂಟರ ಗ್ರೂಪು, ಹಳೆಯ ಸಹಪಾಠಿಗಳ ಗ್ರೂಪುಗಳಲ್ಲಿ ಸದಸ್ಯರ ಗುಟ್ಟಿಗೆ ಹೆಚ್ಚಾಗಿ ಕಾವಲಿರುವುದು ಅಡ್ಮಿನ್ ಆಗಿರುವವರ ವಿವೇಕ ಮಾತ್ರ.

ನೀವು ಯಾವುದಾದರೂ ಗ್ರೂಪಿನ ಅಡ್ಮಿನ್ ಆಗಿದ್ದರೆ ಈ ವಾರ ಎರಡು ಕೆಲಸ ಮಾಡಿ. ಏನು ಹಾಕಬಾರದು, ಹಾಕಿದರೆ ಏನಾಗುತ್ತದೆ, ತಕರಾರಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಗ್ರೂಪಿನ ವಿವರಣೆಯಲ್ಲಿ ಸರಳ ಕನ್ನಡದಲ್ಲಿ ಬರೆಯಿರಿ. ಹಿಂದೆ ಯಾವತ್ತೋ ಯಾರೋ ಹಾಕಿ ಮರೆತ ಆಧಾರ್ ಪ್ರತಿ, ಆಸ್ಪತ್ರೆ ವರದಿ, ಮಕ್ಕಳ ಶಾಲೆಯ ಗುರುತಿನ ಚೀಟಿ ಗ್ರೂಪಿನಲ್ಲಿ ಇನ್ನೂ ಇವೆಯೇ ಎಂದು ಹುಡುಕಿ, ಸಾಧ್ಯವಿರುವುದನ್ನೆಲ್ಲ ಅಳಿಸಿರಿ.